ದೊಡ್ಡಮ್ಮನ ಹುಳುಮನೆಯಲ್ಲಿ ಒಂದು ಬಾಯಿಬಡುಕ ಪೆಟ್ಟಿಗೆ

ರಾಯದುರ್ಗದಲ್ಲಿ ನಾನು ಟೆಕ್ನಾಲಜಿ ಉದ್ಯಮಿ. ಈ ಮಾತನ್ನು ನಾನೇ ಹೇಳಿಕೊಳ್ಳಬೇಕು, ಬೇರೆ ಯಾರೂ ಹೇಳುವುದಿಲ್ಲ. ಊರಿನವರ ಲೆಕ್ಕದಲ್ಲಿ ನಾನು ‘ಜೀನ್ಸ್ ಹೊಲಿಯೋರ ಮ್ಯಾಲೆ ಕುಂತಿರ್ತಾನಲ್ಲ, ಆ ಹುಡುಗ’. ನಮ್ಮ ಆಫೀಸಿರುವುದು ಜೀನ್ಸ್ ಪ್ಯಾಂಟ್ ಹೊಲಿಯುವ ಒಂದು ಕಾರ್ಖಾನೆಯ ಮಹಡಿಯಲ್ಲಿ. ಕೆಳಗೆ ಹೊಲಿಗೆ ಮಿಷಿನ್ನುಗಳು ಶುರುವಾದರೆ ಮೇಲೆ ನಮ್ಮ ಮೇಜು, ಕುರ್ಚಿ, ಲ್ಯಾಪ್‌ಟಾಪು, ಚಹಾದ ಲೋಟ ಎಲ್ಲವೂ ನಡುಗುತ್ತವೆ. ಹೊರಗಿನಿಂದ ಬಂದವರು ನಮ್ಮ ಕಂಪನಿಯಲ್ಲಿ ಭಾರೀ ಕೆಲಸ ನಡೆದಿದೆ ಎಂದುಕೊಳ್ಳುತ್ತಾರೆ. ನಾವು ತಿದ್ದಲು ಹೋಗುವುದಿಲ್ಲ.

ಕಂಪನಿ ಎಂದರೆ ನಾನು ಮತ್ತು ನನ್ನ ಗೆಳೆಯ. ಅವನು ಮೊದಲು ಬಸ್ ಸ್ಟ್ಯಾಂಡಿನ ಎದುರು ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದವನು. ತಂತಿ, ಬ್ಯಾಟರಿ, ಬೆಸುಗೆ ಅವನದು, ಮಾತು ನನ್ನದು. ಅಂಗಡಿ ಮುಚ್ಚಿ ಕಾಲವಾದರೂ ಅವನ ಹಳೆಯ ಗಿರಾಕಿಗಳು ನಮ್ಮ ಮೆಟ್ಟಿಲು ಹತ್ತಿ ಬರುತ್ತಲೇ ಇದ್ದಾರೆ. ನಾನು ವಿಡಿಯೋ ಕಾಲಿನಲ್ಲಿ ಯಾರೋ ದೊಡ್ಡವರ ಎದುರು ನಮ್ಮ ಮುಂದಿನ ಯೋಜನೆಗಳನ್ನು ಬಿಡಿಸಿಡುತ್ತಿರುವಾಗ ಹಿಂದಿನಿಂದ ಒಂದು ಕೈ ಬಂದು, ‘ಚಾರ್ಜ್ ಏರವಲ್ದು ನೋಡ್ರಿ’ ಎಂದು ಫೋನನ್ನು ನನ್ನ ಮೂಗಿನ ಮುಂದೆ ಹಿಡಿಯುತ್ತದೆ. ನಾನು ಸೇಫ್ಟಿ ಪಿನ್ನಿನಿಂದ ಚಾರ್ಜರ್ ತೂತಿನ ಧೂಳು ತೆಗೆದು ಕೊಡುತ್ತೇನೆ. ನಮ್ಮ ಕಂಪನಿಯಿಂದ ಊರಿಗಾದ ಉಪಕಾರ ಬಹಳ ಕಾಲ ಇದೊಂದೇ ಆಗಿತ್ತು.

ನಮ್ಮ ಮೊದಲ ಸಾಹಸ ಶೇರ್ ಆಟೋ ಆ್ಯಪ್. ಗುಮ್ಮಘಟ್ಟಕ್ಕೆ ಹೋಗುವ ಆಟೋ ಯಾವಾಗ ಹೊರಡುತ್ತದೆಂದು ಫೋನಿನಲ್ಲೇ ಗೊತ್ತಾಗಬೇಕು ಎಂಬುದು ನಮ್ಮ ಆಸೆ. ತುಂಬಿದಾಗ ಹೊರಡುತ್ತದೆ ಎಂಬುದು ಊರಿನ ಕೂಸಿಗೂ ಗೊತ್ತಿತ್ತು. ತೊಂದರೆ ಅಲ್ಲಿರಲಿಲ್ಲ. ತುಂಬುವುದು ಎಂದರೇನು ಎನ್ನುವ ವಿಷಯದಲ್ಲಿ ಡ್ರೈವರುಗಳಿಗೂ ನಮ್ಮ ಆ್ಯಪಿಗೂ ಒಮ್ಮತ ಬರಲಿಲ್ಲ. ಸೀಟಿಲ್ಲ ಎಂದು ಆ್ಯಪ್ ಹೇಳಿದ ಮೇಲೂ ಡ್ರೈವರ್ ತನ್ನ ಎರಡೂ ಪಕ್ಕಕ್ಕೆ ಜನರನ್ನು ಕೂರಿಸಿ, ಮೇಲೆ ಎರಡು ಮೂಟೆ ಏರಿಸಿ, ‘ಇನ್ನೊಬ್ರು ಬರ್ರೀ’ ಎಂದು ಕೂಗುತ್ತಿದ್ದ. ಆ್ಯಪನ್ನು ನಂಬಿ ಹಿಂದುಳಿದವರು ಬಂದು ನಮ್ಮನ್ನು ಬೈದರು.

ಎರಡನೆಯದು ಕುರಿಗಳ ಕೊರಳಪಟ್ಟಿ. ಕುರಿ ಎಲ್ಲಿ ಮೇಯುತ್ತಿದೆ ಎಂದು ಮನೆಯಲ್ಲೇ ಕುಳಿತು ನೋಡಬಹುದಾದ ಪಟ್ಟಿ. ಗುಮ್ಮಘಟ್ಟದ ಕಡೆಯ ಒಬ್ಬ ಕುರಿಗಾಹಿ ಬಹಳ ಉತ್ಸಾಹದಿಂದ ತೆಗೆದುಕೊಂಡ. ಸ್ವಲ್ಪ ದಿನ ಬಿಟ್ಟು ನೋಡಲು ಹೋದರೆ ಪಟ್ಟಿ ಅವನ ಸೊಂಟದಲ್ಲಿತ್ತು. ‘ಯಾಕಪಾ?’ ಎಂದರೆ, ‘ನಾ ಎಷ್ಟ್ ದೂರ ಅದೀನಿ ಅಂತ ಮನ್ಯಾಗ ಹೆಂಡ್ತಿ ನೋಡಿ ರಾಗಿ ಮುದ್ದಿಗೆ ಎಸರು ಇಡತಾಳ್ರಿ. ಬಿಸಿ ಬಿಸಿ ಸಿಗತೈತಿ’ ಎಂದ. ಅವನ ಹೆಂಡತಿಯಂತೂ ನಮ್ಮನ್ನು ಬಾಯಿ ತುಂಬ ಹರಸಿದಳು. ಗ್ರಾಹಕರಿಗೆ ತೃಪ್ತಿಯಾಗಿತ್ತು, ಕುರಿಗಳು ಮೊದಲಿನ ಹಾಗೇ ಕಳೆದುಹೋಗುತ್ತಿದ್ದವು.

ಕೈಯಿಟ್ಟದ್ದೆಲ್ಲ ಮಣ್ಣು ಎನ್ನುವ ಸ್ಥಿತಿಗೆ ಬಂದಾಗ ಹೊಳೆದದ್ದು ರೇಷ್ಮೆ ಹುಳುವಿನ ಪೆಟ್ಟಿಗೆ. ಮಡಕಶಿರಾ ಕಡೆ, ಹೇಮಾವತಿಗೆ ಹೋಗುವ ದಾರಿಯಿಂದ ಒಳಗೆ ಸೇರಿಕೊಂಡ ಒಂದು ಹಳ್ಳಿ ನನ್ನ ದೊಡ್ಡಮ್ಮನದು, ಅಂದರೆ ಅಮ್ಮನ ಅಕ್ಕನದು. ಹಿಪ್ಪುನೇರಳೆ ತೋಟ, ಹುಳು ಸಾಕಲು ಮನೆಗೆ ಅಂಟಿಕೊಂಡೇ ಒಂದು ಉದ್ದನೆಯ ಶೀಟಿನ ಕೋಣೆ. ಆ ಹುಳುಗಳಿಗೆ ಸೆಕೆ ಹೆಚ್ಚಾದರೂ ಆಗದು, ಥಂಡಿ ಹೆಚ್ಚಾದರೂ ಆಗದು. ನಮ್ಮ ಪೆಟ್ಟಿಗೆ ಗೋಡೆಯ ಮೇಲೆ ಕುಳಿತು ಸೆಕೆ, ತೇವ ಅಳೆಯುತ್ತದೆ, ಅಳೆದದ್ದನ್ನು ಜೋರಾಗಿ ಬಾಯಿಬಿಟ್ಟು ಹೇಳುತ್ತದೆ. ಸೊಪ್ಪು ಹಿಡಿದ ಕೈಯಲ್ಲಿ ಫೋನು ನೋಡಲಾಗುವುದಿಲ್ಲವಲ್ಲ, ಅದಕ್ಕೆ ಮಾತು. ದೊಡ್ಡಮ್ಮ ಆ ಸುತ್ತಿನಲ್ಲಿ ಹೆಸರಾದ ಬೆಳೆಗಾರ್ತಿ. ಅವಳು ಒಂದು ಬೆಳೆ ಪೂರ್ತಿ ಪೆಟ್ಟಿಗೆ ಇಟ್ಟುಕೊಂಡರೆ ಉಳಿದ ಮನೆಗಳು ತಾವಾಗಿ ಕೇಳುತ್ತವೆ, ಅವಳು ಬೇಡವೆಂದರೆ ಯಾರ ಗೋಡೆಗೂ ಮೊಳೆ ಹೊಡೆಯುವ ಹಾಗಿಲ್ಲ. ಗೆಳೆಯ ಮೊದಲೇ ಹೇಳಿಬಿಟ್ಟಿದ್ದ: ‘ಇದೂ ಹೋತಂದ್ರ ನಾ ಓಬಳಾಪುರ ಕಡೆ ಲಾರಿ ಆಫೀಸಿನಾಗ ಕೆಲಸಕ್ಕ ಸೇರ್ತೀನಿ. ನೀನು ಒಬ್ನ ಕುಂತು ಮಾತಾಡು.’ ಅವನಿಲ್ಲದೆ ಕಂಪನಿಯಿಲ್ಲ. ಹಾಗಾಗಿ ನನ್ನ ಉದ್ಯಮದ ಹಣೆಬರಹ ದೊಡ್ಡಮ್ಮನ ಕೈಯಲ್ಲಿತ್ತು.

ಪೆಟ್ಟಿಗೆಯ ದನಿ ನನ್ನ ಅಮ್ಮನದು. ಅಮ್ಮ ಹುಟ್ಟಿದ್ದು ಮಡಕಶಿರಾ ಕಡೆ, ಮದುವೆಯಾಗಿ ರಾಯದುರ್ಗಕ್ಕೆ ಬಂದ ಮೇಲೆ ಅವಳ ನಾಲಿಗೆ ಪೂರ್ತಿ ಈ ಕಡೆಯದಾಗಿಬಿಟ್ಟಿದೆ. ಏನು ಮಾತಾಡಿಸಬೇಕೆಂದು ಬರೆದವನು ಮಾತ್ರ ನಾನು. ನಾನು ಆಗಷ್ಟೇ ಒಂದು ತರಬೇತಿಗೆ ಹೋಗಿ ಬಂದಿದ್ದೆ. ಅಲ್ಲಿ ಟೈ ಕಟ್ಟಿಕೊಂಡವರೊಬ್ಬರು, ಗ್ರಾಹಕರ ಕಿವಿಗೆ ದಿನವೂ ಒಂದು ಸಂತೋಷದ ಮಾತು ಬೀಳುತ್ತಿರಬೇಕು, ಅವರನ್ನು ಮೆಚ್ಚುತ್ತಲೇ ಇರಬೇಕು ಎಂದು ಹೇಳಿಕೊಟ್ಟಿದ್ದರು. ನಾನು ಅದನ್ನು ವೇದವಾಕ್ಯವೆಂದು ನಂಬಿ ಬಂದಿದ್ದೆ. ಹದ ಸರಿಯಾಗಿದ್ದಾಗ ಪೆಟ್ಟಿಗೆ ಹೀಗೆ ಹೇಳಬೇಕೆಂದು ಬರೆದೆ: ‘ಹುಳ ಭಾಳ ಚಲೋ ಅದಾವ್ರಿ! ಇಂಥಾ ಬೆಳಿ ಈ ಸುತ್ತಿನಾಗ ಯಾರ್ ಮನ್ಯಾಗೂ ಇಲ್ರಿ!’

ಪೆಟ್ಟಿಗೆಯನ್ನು ಗೋಡೆಗೆ ಕೂರಿಸಿ, ದೊಡ್ಡಮ್ಮನ ಕಾಲಿಗೆ ಬಿದ್ದು, ಕೊಟ್ಟ ಶೇಂಗಾ ಉಂಡೆ ಕಟ್ಟಿಕೊಂಡು ನಾವಿಬ್ಬರೂ ರಾಯದುರ್ಗಕ್ಕೆ ಬಂದೆವು. ಬಂದ ಮೇಲೆ ಎರಡು ದಿನವೂ ನೆಟ್ಟಗೆ ಕಳೆದಿರಲಿಲ್ಲ, ದೊಡ್ಡಮ್ಮನ ಸೊಸೆಯ ಫೋನು ಬಂತು. ಅತ್ತಿಗೆ ನಗು ತಡೆದುಕೊಂಡು ಮಾತಾಡುತ್ತಿದ್ದಳು. ‘ಬೇಗ ಬಂದ್ರೆ ಒಳ್ಳೇದು ಕಣಪ್ಪ. ಅತ್ತೆ ನಿಮ್ ಪೆಟ್ಟಿಗೆಗೆ ಕಂಬಳಿ ಸುತ್ತವ್ರೆ. ಅದು ಒಳಗಿಂದ ಸೆಕೆ ಸೆಕೆ ಅಂತ ಬಡ್ಕೊತಾ ಐತೆ.’

ರಾಯದುರ್ಗದಿಂದ ಮಡಕಶಿರಾಕ್ಕೆ ಹೋಗುವುದು ಎಂದರೆ ಕಲ್ಯಾಣದುರ್ಗದಲ್ಲಿ ಒಂದು ಬಸ್ಸು ಇಳಿದು, ಪಾವಗಡದಲ್ಲಿ ಇನ್ನೊಂದು ಇಳಿದು, ಆಂಧ್ರ ಬಿಟ್ಟು ಕರ್ನಾಟಕ ಹೊಕ್ಕು, ಮತ್ತೆ ಆಂಧ್ರಕ್ಕೇ ಬರುವುದು. ಫೋನು ದಾರಿಯುದ್ದಕ್ಕೂ ಒಮ್ಮೆ ಆ ರಾಜ್ಯಕ್ಕೆ, ಒಮ್ಮೆ ಈ ರಾಜ್ಯಕ್ಕೆ ಸ್ವಾಗತ ಕೋರುತ್ತಿರುತ್ತದೆ. ದೊಡ್ಡಮ್ಮ ಮಾತ್ರ ಸ್ವಾಗತ ಕೋರಲಿಲ್ಲ. ಜಗಲಿಯ ಮೇಲೆ ಕೈಕಟ್ಟಿಕೊಂಡು ನಿಂತಿದ್ದಳು.

‘ಏನ್ಲಾ, ನಿಮ್ಮಮ್ಮುಂಗೆ ಬುದ್ಧಿ ಐತೋ ಇಲ್ವೋ? ಅವ್ಳೂ ಹುಳ ಮೇಯಿಸ್ಕಂಡೇ ಬೆಳೆದೋಳಲ್ವಾ? ಯಾರಾನ ಬೆಳೇನ ಬಾಯ್ಬಿಟ್ಟು ಹೊಗಳ್ತಾರಾ? ಅದೂ ಕಿಟಕಿ ತೆಗೆದಿರೋವಾಗ! ಪಕ್ಕದ ಮನೆಯೋಳು ನೀರಿಗೆ ಹೋಗ್ತಾ ಇದ್ದೋಳು ನಿಂತ್ಕಂಡು ಕೇಳಿಸ್ಕಂಡ್ಲು. ದೃಷ್ಟಿಯಾದ್ರೆ ಯಾರ್ಲಾ ಗತಿ?’

ನನಗೆ ಆಗ ಬೆಳಕಾಯಿತು. ಆ ಊರುಗಳಲ್ಲಿ ಹುಳು ಚೆನ್ನಾಗಿದ್ದಾಗ ಯಾರೂ ಚೆನ್ನಾಗಿದೆ ಎನ್ನುವುದಿಲ್ಲ. ಹಾಲುಂಡ ಕೂಸಿನ ಹಾಗೆ ಅದನ್ನು ಸೆರಗಿನಲ್ಲಿ ಮುಚ್ಚಿಡುತ್ತಾರೆ. ಎಷ್ಟು ಮೊಟ್ಟೆ ತಂದೆ ಎಂದು ಕೇಳಿದರೂ ಬಾಯಿ ಬಿಡುವುದಿಲ್ಲ. ಅಂಥ ಕಡೆ ನಾನು ದಿನವಿಡೀ ಡಂಗುರ ಹೊಡೆಯುವ ಪೆಟ್ಟಿಗೆ ತಂದು ಗೋಡೆಗೆ ಹೊಡೆದಿದ್ದೆ. ಹುಳುಮನೆಯ ಬಾಗಿಲಿಗೆ, ತಟ್ಟೆಗಳಿಗೆ, ಕೊನೆಗೆ ಕಂಬಳಿಯೊಳಗಿನ ಪೆಟ್ಟಿಗೆಗೂ ದೊಡ್ಡಮ್ಮ ಕಾಡಿಗೆಯ ಬೊಟ್ಟಿಟ್ಟಿದ್ದಳು.

ನಾನು ಅಲ್ಲಿಂದಲೇ ಅಮ್ಮನಿಗೆ ಫೋನು ಹಚ್ಚಿ ರೇಗಿದೆ. ಸಿಟ್ಟು ಬಂದರೆ ನನಗೆ ಹಿಂದೆಮುಂದೆ ಇಲ್ಲ. ‘ನಿನಗ ಗೊತ್ತಿತ್ತಲ್ಲ, ಹೇಳಬಾರದೇನು?’ ಎಂದೆ. ಅಮ್ಮ ಶಾಂತವಾಗಿ, ‘ಅದಕ್ಕ ಅಲ್ಲೇನಪಾ ಪ್ರತಿ ಮಾತಿಗೂ ಥೂ ಥೂ ಅಂದು ಲಟಿಕಿ ಮುರದಿದ್ದು? ಅದೆಲ್ಲಿ ಹೋತು?’ ಎಂದಳು. ಹೊಗಳಿದ ಬಾಯಲ್ಲೇ ಉಗಿದು, ಬೆರಳುಗಳನ್ನು ಕಣತಲೆಗೆ ಒತ್ತಿ ಲಟಲಟ ಮುರಿದರೆ ದೃಷ್ಟಿ ಅಲ್ಲೇ ಹೋಗುತ್ತದೆ. ಅಮ್ಮ ತನ್ನ ಪಾಲಿನ ಕೆಲಸ ಅಚ್ಚುಕಟ್ಟಾಗಿ ಮಾಡಿದ್ದಳು. ರಾಯದುರ್ಗದಲ್ಲಿ ಅಮ್ಮನ ಹತ್ತಿರವೇ ಇದ್ದ ಗೆಳೆಯನ ದನಿ ಫೋನಿನಲ್ಲಿ ಸಣ್ಣಗೆ ಕೇಳಿಸಿತು: ‘ಅಯ್ಯೋ, ಅದು ಲಟಿಕಿ ಏನು? ಶೀಟಿನ ಮ್ಯಾಲೆ ಮಂಗ್ಯಾ ಓಡಾಡೋ ಸಪ್ಪಳ ಅಂತ ನಾ ಎಲ್ಲಾ ತೆಗದು ಸ್ವಚ್ಛ ಮಾಡಿದ್ನಲ್ಲ!’ ಒಂದು ಹಗಲು ಪೂರ್ತಿ ಕೂತು ಅವನು ರೆಕಾರ್ಡಿಂಗಿನಿಂದ ಅಮ್ಮನ ರಕ್ಷಣೆಯನ್ನೆಲ್ಲ ಕತ್ತರಿಸಿ ಎಸೆದಿದ್ದ.

ದೊಡ್ಡಮ್ಮನ ಮುಂದೆ ನಾನು ಅಂಗಲಾಚಿದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಬೇಡಿಕೊಂಡೆ. ಇನ್ನು ಗೆಳೆಯ ಹೋಗುತ್ತಾನೆ, ನಾನು ಹಾಳಾಗುತ್ತೇನೆ ಎಂದೆಲ್ಲ ಹೇಳಿದೆ. ಅವಳು ಕಟ್ಟಿದ ಕೈ ಬಿಚ್ಚಿದಳು. ‘ಗೂಡು ಕಟ್ಟೋವರ್ಗೂ ನೋಡ್ತೀನಿ. ಇನ್ನೊಂದು ಸಲ ಹೊಗಳ್ತೋ, ಪೆಟ್ಟಿಗೆ ಬಾವಿಗೆ, ನೀನು ಬಸ್ಸಿಗೆ’ ಎಂದಳು.

ಹಾಗೆ ನಾನು ಅಲ್ಲೇ ಉಳಿದೆ. ಉಳಿದೆ ಎಂದರೆ ಜಗಲಿಯ ಮೇಲೆ ಉಳಿದೆ. ಹೊರಗಿನವರು ಹುಳುಮನೆಯ ಹೊಸಿಲು ದಾಟುವಂತಿಲ್ಲ, ನಾನು ಬಸ್ಸಿನ ಧೂಳು ಹೊತ್ತು ತಂದ ಮನುಷ್ಯ. ಮರುದಿನ ಅಂಗಳದಲ್ಲಿ ಒಂದು ಸಭೆ ಸೇರಿತು. ದೊಡ್ಡಮ್ಮ, ಅತ್ತಿಗೆ, ಬೀದಿಯ ನಾಲ್ಕಾರು ಹೆಂಗಸರು. ಪೆಟ್ಟಿಗೆ ಏನು ಹೇಳಬೇಕೆಂಬುದು ವಿಷಯ. ನನ್ನ ಜೀವಮಾನದಲ್ಲಿ ಯಾವ ಮೀಟಿಂಗೂ ಇಷ್ಟು ಬಿಗಿಯಾಗಿ ನಡೆದಿಲ್ಲ. ಎಲ್ಲ ಸರಿಯಿದ್ದಾಗ ‘ಪರವಾಗಿಲ್ಲ’ ಎನ್ನಲಿ ಎಂದೆ. ‘ಅಷ್ಟೊಂದಾ?’ ಎಂದು ಒಬ್ಬಾಕೆ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಕೊನೆಗೆ ತೀರ್ಮಾನವಾದದ್ದು ‘ಏನೋ ಐತೆ’. ಅದನ್ನೂ ನಿಟ್ಟುಸಿರು ಬಿಟ್ಟು ಹೇಳಬೇಕು. ಹಾಗಾದರೆ ‘ಚೆನ್ನಾಗೈತೆ’ ಅನ್ನುವುದು ಯಾವಾಗ ಎಂದು ಕೇಳಿದೆ. ‘ಬೆಳೆ ಹೋದ್ಮೇಲೆ’ ಎಂದಳು ದೊಡ್ಡಮ್ಮ. ‘ಕೇಳೋರಿಗೆ ಏನಾನ ಹೇಳ್ಬೇಕಲ್ಲ.’

ಸೆಕೆ ಮಿತಿಮೀರಿದಾಗ ಮಾತ್ರ ಜೋರಾಗಿ ಕೂಗಬಹುದೆಂದು ಒಪ್ಪಿದರು. ಕೆಟ್ಟ ಸುದ್ದಿಗೆ ದೃಷ್ಟಿಯಾಗುವುದಿಲ್ಲ. ಈ ಮಾತುಗಳನ್ನೆಲ್ಲ ಅಮ್ಮನಿಂದ ಹೇಳಿಸಿ ಕಳುಹಿಸು ಎಂದು ಗೆಳೆಯನಿಗೆ ತಿಳಿಸಿದೆ. ‘ಏನೋ ಐತೆ’ ಸಲೀಸಾಗಿ ಬಂತು, ನಿಟ್ಟುಸಿರು ಅಮ್ಮನಿಗೆ ಕಲಿಸಬೇಕಾದ್ದಲ್ಲ. ಕೂಗಾಟ ಮಾತ್ರ ಬರಲೊಲ್ಲದು. ‘ಸುಮ್ಮಸುಮ್ಮನ ಗ್ವಾಡಿಗೆ ಬೈ ಅಂದ್ರ ಹೆಂಗ ಬೈಲಪಾ?’ ಎಂದಳಂತೆ. ಆಗ ಗೆಳೆಯ ತನ್ನ ತಲೆ ಓಡಿಸಿದ. ಕಲ್ಯಾಣದುರ್ಗದಲ್ಲಿ ಅಮ್ಮ ನೋಡಿಟ್ಟಿದ್ದ ಹೆಣ್ಣಿನವರಿಗೆ ನಾನು ಅವಳಿಗೂ ಹೇಳದೆ ಫೋನು ಮಾಡಿ ಬೇಡವೆಂದುಬಿಟ್ಟಿದ್ದೇನೆ ಎಂಬ ಗುಟ್ಟನ್ನು ಅವಳ ಕಿವಿಗೆ ಹಾಕಿ, ರೆಕಾರ್ಡಿಂಗ್ ಗುಂಡಿ ಒತ್ತಿ, ಹಿಂದಕ್ಕೆ ಸರಿದು ನಿಂತ.

ಬಂದ ಧ್ವನಿಯನ್ನು ನಾನು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕೇಳಿದೆ. ‘ಏಯ್! ಏನ್ ಕುಂತೀಯೋ ಅಲ್ಲೇ? ಕಣ್ಣು ಕಾಣಸೋದಿಲ್ಲೇನು ನಿನಗ? ಮಾನ ಮರ್ಯಾದಿ ಐತಿಲ್ಲೋ? ಏಳು ಮ್ಯಾಲೆ! ಏಳಂದ್ರ ಏಳಬೇಕು!’ ಅದರಲ್ಲಿ ಸೆಕೆಯ ಮಾತೇ ಇಲ್ಲವಲ್ಲ ಎಂದು ಗೆಳೆಯನಿಗೆ ಹೇಳಿದೆ. ‘ಕೇಳಿದ ಮ್ಯಾಲೆ ನೀ ಎದ್ದು ನಿಂತ್ಯೋ ಇಲ್ಲೋ?’ ಎಂದು ಕೇಳಿದ. ನಾನು ನಿಜವಾಗಿಯೂ ಎದ್ದು ನಿಂತಿದ್ದೆ.

ಹುಳುಗಳು ಕೊನೆಯ ಜ್ವರ ಕಳೆದು, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಮಳೆ ಸುರಿದ ಹಾಗೆ ಸದ್ದು ಮಾಡುತ್ತ ಸೊಪ್ಪು ತಿನ್ನತೊಡಗಿದವು. ನಾನು ಫೋನಿನಿಂದಲೇ ಹೊಸ ಮಾತು ತುಂಬಿದ್ದ ಪೆಟ್ಟಿಗೆ ಆಗಾಗ ‘ಏನೋ ಐತೆ’ ಎಂದು ಉಸಿರುಬಿಡುತ್ತಿತ್ತು. ದೊಡ್ಡಮ್ಮ ಒಳಗಿನಿಂದಲೇ ‘ಹೂಂ’ ಎನ್ನುತ್ತಿದ್ದಳು. ಆ ‘ಹೂಂ’ ತಂಗಿಗೋ ಯಂತ್ರಕ್ಕೋ ನನಗೆ ಗೊತ್ತಾಗಲಿಲ್ಲ. ಹೇಗಿದೆ ದೊಡ್ಡಮ್ಮ, ಇಟ್ಟುಕೊಳ್ಳುತ್ತೀಯಾ ಎಂದು ಕೇಳಿದರೆ, ‘ಗೂಡಾಗ್ಲಿ’ ಎಂಬ ಒಂದೇ ಉತ್ತರ. ಗೆಳೆಯನ ಫೋನಿಗೂ ನಾನು ಅದನ್ನೇ ದಾಟಿಸುತ್ತಿದ್ದೆ.

ಒಂದು ಮಧ್ಯಾಹ್ನ ಅದೇ ಬೀದಿಯ ಕೊನೆಯಲ್ಲಿ ನಾಮಕರಣದ ಊಟ. ಮನೆಯವರೆಲ್ಲ ಹೋಗಿದ್ದರು. ಹುಳುಮನೆ ಬಿಕೋ ಎನ್ನಬಾರದೆಂದು ನನ್ನನ್ನು ಜಗಲಿಯ ಮೇಲೆ ಕಾವಲಿಗೆ ಕೂರಿಸಿದ್ದರು. ಒಳಗೆ ಹೋಗುವಂತಿಲ್ಲದ ಕಾವಲುಗಾರ. ಬಿಸಿಲು ಅಂಗಳವನ್ನು ಹುರಿಯುತ್ತಿತ್ತು. ಕರೆಂಟು ಹೋಯಿತು, ಹುಳುಮನೆಯ ಫ್ಯಾನುಗಳು ನಿಂತವು, ಬ್ಯಾಟರಿಯ ಪೆಟ್ಟಿಗೆ ಮಾತ್ರ ಎಚ್ಚರವಿತ್ತು. ನಾನು ತೂಕಡಿಸುತ್ತಿದ್ದೆ. ಸ್ವಲ್ಪ ಹೊತ್ತಿಗೆ ಗೋಡೆಯಾಚೆಯಿಂದ ಅಮ್ಮ ಸಿಡಿದಳು: ‘ಏಯ್! ಏನ್ ಕುಂತೀಯೋ ಅಲ್ಲೇ?’

ನಾನು ಜಗಲಿಯಿಂದ ಕೆಳಗೆ ಬಿದ್ದೆ. ಬಿದ್ದವನು ಎದ್ದು, ಹೊಸಿಲವರೆಗೆ ಓಡಿ, ದಾಟಲಾಗದೆ ಅಲ್ಲೇ ಕುಣಿದಾಡಿದೆ. ಗೆಳೆಯ ಆ ಪೆಟ್ಟಿಗೆಗೆ ಎಂಥ ಸ್ಪೀಕರ್ ಹಾಕಿದ್ದನೆಂದರೆ ಮಾನ ಮರ್ಯಾದೆಯ ಪ್ರಶ್ನೆ ಬೀದಿಯ ಆ ತುದಿಗೂ ಕೇಳಿಸಿತು. ಊಟದ ಪಂಕ್ತಿಯಲ್ಲಿದ್ದ ದೊಡ್ಡಮ್ಮ ತಂಗಿಯ ದನಿ ಕೇಳಿ ಎಲೆ ಬಿಟ್ಟು ಎದ್ದಳಂತೆ. ಅವಳು ಎದ್ದದ್ದು ನೋಡಿ ಬೀದಿಯೆಲ್ಲ ಎದ್ದಿತು. ರಾಯದುರ್ಗದ ತಂಗಿ ಬಂದವಳೆ, ಅಕ್ಕತಂಗೀರಿಗೆ ಇನ್ನು ಜಗಳ ಹತ್ತಿಕೊಳ್ಳುತ್ತದೆ, ನೋಡದೆ ಬಿಟ್ಟರೆ ಹೇಗೆ? ಅನ್ನ ಅಂಟಿದ ಕೈಯಲ್ಲೇ ಜನ ಓಡಿಬಂದರು. ಬಂದು ನೋಡಿದರೆ ತಂಗಿಯಿಲ್ಲ, ಹೊಸಿಲ ಮುಂದೆ ಕುಣಿಯುತ್ತಿರುವ ನಾನೊಬ್ಬ. ಒಳಗೆ ಸೆಕೆಗೆ ಹುಳುಗಳು ಸೊಪ್ಪು ಬಿಟ್ಟು ತಲೆಯೆತ್ತಿದ್ದವು.

ಬಂದವರು ಹೇಗೂ ಬಂದಿದ್ದರು. ‘ಗೋಣಿಚೀಲ ನೆನೆಸ್ರೇ!’ ಎಂದು ದೊಡ್ಡಮ್ಮ ಕೂಗಿದ್ದೇ ತಡ, ತೊಟ್ಟಿಯಿಂದ ಬಿಂದಿಗೆ ಬಿಂದಿಗೆ ನೀರು ಎದ್ದಿತು. ಹಸಿ ಚೀಲಗಳು ಕಿಟಕಿಗಳಿಗೆ ತೂಗುಬಿದ್ದವು. ಕೆಲವರು ಶೀಟಿನ ಮೇಲೆ ನೀರು ಎರಚಿದರು. ಹೊಸಿಲಲ್ಲೇ ನಿಂತಿದ್ದ ನನ್ನ ತಲೆಯ ಮೇಲೆ ದೊಡ್ಡಮ್ಮ ಒಂದು ಕೊಡ ಸುರಿದು, ‘ಸ್ನಾನ ಆಯ್ತು, ಒಳಗ್ ಬಾ! ಆ ಕಡೆ ಕಿಟಕಿ ಬಿಚ್ಚು!’ ಎಂದಳು. ಸೆಕೆ ಇಳಿಯುವವರೆಗೂ ಪೆಟ್ಟಿಗೆ ನನ್ನನ್ನು ಬಿಡದೆ ಬೈಯುತ್ತಲೇ ಇತ್ತು. ಕಲ್ಯಾಣದುರ್ಗದ ಹುಡುಗಿಯ ಮನೆತನ ಎಷ್ಟು ಒಳ್ಳೆಯದು ಎಂಬ ಭಾಗವೂ ಅದರಲ್ಲಿ ಉಳಿದುಕೊಂಡಿತ್ತು, ಗೆಳೆಯ ಅದನ್ನು ಬೇಕೆಂದೇ ಕತ್ತರಿಸಿರಲಿಲ್ಲ. ಊರೆಲ್ಲ ಕೇಳಿತು. ಕೊನೆಗೆ ಎಲ್ಲರೂ ಒದ್ದೆಯಾಗಿ, ಉಸ್ಸೆಂದು ನಿಂತಾಗ ಪೆಟ್ಟಿಗೆ ನಿಟ್ಟುಸಿರು ಬಿಟ್ಟು, ‘ಏನೋ ಐತೆ’ ಎಂದಿತು. ನಗದವರಿಲ್ಲ. ದೊಡ್ಡಮ್ಮನೂ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡಳು.

ಹುಳುಗಳು ತಿನ್ನುವುದು ಬಿಟ್ಟು ಹಣ್ಣಾದವು, ಚಂದ್ರಿಕೆ ಎನ್ನುವ ಬಿದಿರಿನ ತಟ್ಟಿಗಳ ಮೇಲೆ ಏರಿ ಗೂಡು ಕಟ್ಟಿದವು. ಗೂಡು ಬಿಡಿಸುವ ದಿನ ಸುತ್ತಲ ಹಳ್ಳಿಗಳಿಂದಲೂ ಜನ ಬಂದರು. ಬಂದವರು ಗೂಡುಗಳನ್ನು ಕೈಯಲ್ಲಿ ಒತ್ತಿ ನೋಡಿ ಏನೂ ಹೇಳಲಿಲ್ಲ, ಅದು ನನಗೆ ಒಳ್ಳೆಯ ಲಕ್ಷಣವೆಂದು ಅಷ್ಟರಲ್ಲಿ ಗೊತ್ತಾಗಿತ್ತು. ಆಮೇಲೆ ಪೆಟ್ಟಿಗೆಯನ್ನು ನೋಡಿದರು. ಆಮೇಲೆ ನನ್ನನ್ನು. ‘ಇವ್ನೇನಾ ಮಾಡಿದ್ದು?’ ಎಂದು ಒಬ್ಬರು ಕೇಳಿದರು. ‘ನಮ್ ಮನೆಗೂ ಒಂದು ತಂದ್ಕೊಡಪ್ಪ, ಆದ್ರೆ ಬೈಯೋದು ನಮ್ಮತ್ತೆ ದನಿ ಇರ್ಲಿ, ಅದಕ್ಕಾದ್ರೆ ನಮ್ಮನೇಲಿ ಎಲ್ಲಾರೂ ಹೆದರ್ತಾರೆ’ ಎಂದು ಇನ್ನೊಬ್ಬಾಕೆ. ಸಂಜೆಯಾಗುವಷ್ಟರಲ್ಲಿ ಎಲ್ಲರಿಗೂ ಹೇಳಿ ಹೇಳಿ ನನ್ನ ಬಾಯಿ ಒಣಗಿತ್ತು. ಆದರೂ ದೊಡ್ಡಮ್ಮ ಒಂದು ಮಾತೂ ಆಡಿರಲಿಲ್ಲ. ಅವಳ ಮಾತಿಲ್ಲದೆ ಗೆಳೆಯನಿಗೆ ಏನು ಹೇಳಲಿ? ಎಲ್ಲರೂ ಹೋದ ಮೇಲೆ ಧೈರ್ಯ ಮಾಡಿ ಪೆಟ್ಟಿಗೆ ಬಿಚ್ಚಲಾ ಎಂದು ಕೇಳಿದೆ.

‘ಮೊಳೆ ಹೊಡೆದಾಗೈತೆ, ಗೋಡೆ ಯಾಕೆ ಕೆಡಿಸ್ತೀಯ? ಅಲ್ಲೇ ಇರ್ಲಿ’ ಎಂದಳು. ನನ್ನ ಮುಖ ಅರಳಿದ್ದನ್ನು ನೋಡಿ ಅವಳ ಮುಖ ಗಂಭೀರವಾಯಿತು. ‘ಕುತ್ಕ ಇಲ್ಲಿ’ ಎಂದು ಅಂಗಳದ ಆಚೆ ತುದಿಯಲ್ಲಿ, ಬಚ್ಚಲ ಒಲೆಯ ಪಕ್ಕ ನನ್ನನ್ನು ಪೂರ್ವಕ್ಕೆ ಮುಖ ಮಾಡಿ ಕೂರಿಸಿದಳು. ಮುಷ್ಟಿಯಲ್ಲಿ ಉಪ್ಪು, ಒಣಮೆಣಸಿನಕಾಯಿ. ‘ಹುಳ ಇದ್ದಾಗ ಹೊಗೆ ಹಾಕೋ ಹಂಗಿರಲಿಲ್ಲ. ಇವತ್ತು ಎಷ್ಟ್ ಜನ ನೋಡಿದ್ರು ನಿನ್ನ! ಹೋದೋರ ಕಣ್ಣು, ಬಂದೋರ ಕಣ್ಣು, ಪೆಟ್ಟಿಗೆ ಕೇಳಿದೋರ ಕಣ್ಣು, ಕೇಳ್ದೇ ಹೋದೋರ ಕಣ್ಣು...’ ಎಂದು ತಲೆಯಿಂದ ಕಾಲಿನವರೆಗೆ ಇಳಿ ತೆಗೆದಳು.

ಇಷ್ಟು ವರ್ಷ ನಾನು ಎಷ್ಟೋ ಜನರ ಮುಂದೆ ನನ್ನ ಕಂಪನಿಯ ಬಗ್ಗೆ ಮಾತಾಡಿದ್ದೇನೆ. ನಕ್ಕವರಿದ್ದಾರೆ, ಪಾಪ ಎಂದವರಿದ್ದಾರೆ, ಫೋನು ರಿಪೇರಿಗೆ ಕೊಟ್ಟವರಿದ್ದಾರೆ. ಜನ ಹೊಟ್ಟೆಕಿಚ್ಚು ಪಡುವಂಥದ್ದು ನನ್ನಲ್ಲಿ ಏನೋ ಇದೆ, ಅದನ್ನು ಕಾಪಾಡಬೇಕು ಎಂದು ಯಾರಿಗೂ ಅನ್ನಿಸಿರಲಿಲ್ಲ, ನನಗೂ ಅನ್ನಿಸಿರಲಿಲ್ಲ. ಆ ಒಲೆಯ ಮುಂದೆ ನನಗೆ ತುಂಬ ಸಂತೋಷವಾಯಿತು, ಕಣ್ಣು ತುಂಬಿ ಬಂತು.

ದೊಡ್ಡಮ್ಮ ಮುಷ್ಟಿಯಲ್ಲಿದ್ದುದನ್ನು ಒಲೆಗೆ ಹಾಕಿದಳು. ದೃಷ್ಟಿ ನಿಜವಾಗಿ ಆಗಿದ್ದರೆ ಮೆಣಸಿನಕಾಯಿ ಎಷ್ಟು ಸುಟ್ಟರೂ ಘಾಟು ಬರುವುದಿಲ್ಲ. ಯಾರ ಕಣ್ಣೂ ಬಿದ್ದಿಲ್ಲದಿದ್ದರೆ ಮಾತ್ರ ಬರುತ್ತದೆ. ಒಲೆ ಒಮ್ಮೆ ಚಟಪಟ ಎಂದಿತು. ಘಾಟು ಎದ್ದ ರಭಸಕ್ಕೆ ಅತ್ತಿಗೆ ಸೀನುತ್ತ ಬೀದಿಗೆ ಓಡಿದಳು. ಕೊಟ್ಟಿಗೆಯ ಎಮ್ಮೆ ಕೂಡ ಕೆಮ್ಮಿತು. ನನಗೆ ಉಸಿರು ಸಿಕ್ಕಲಿಲ್ಲ. ದೊಡ್ಡಮ್ಮನ ಎರಡೂ ಕಣ್ಣಿನಿಂದ ನೀರು ಧಾರಾಕಾರವಾಗಿ ಇಳಿಯುತ್ತಿತ್ತು. ಕೆಮ್ಮಿ ಕೆಮ್ಮಿ ಸೆರಗಿನಿಂದ ಮುಖ ಒರೆಸಿಕೊಂಡು, ಅವಳು ನನ್ನ ಭುಜ ಹಿಡಿದಳು.

‘ನೋಡ್ದೇನ್ಲಾ, ಒಂಚೂರೂ ಘಾಟಿಲ್ಲ!’ ಎಂದಳು. ‘ಅಷ್ಟ್ ದೃಷ್ಟಿಯಾಗಿತ್ತು ನಿಂಗೆ!’

‘ಹೌದು ದೊಡ್ಡಮ್ಮ,’ ಎಂದೆ ನಾನು, ಕೆಮ್ಮುತ್ತ, ‘ಒಂಚೂರೂ ಘಾಟಿಲ್ಲ.’